ಮೂರನೇ ಸಿಟ್ಟಿನ ವಿದೇಶ ಯಾತ್ರೆ

ಶೋಗೊ ಅರಾಮಾಕಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಬೆಳಿಗ್ಗೆ ಪೇಸ್ಟಿನ ಮುಚ್ಚಳ ಕೈಜಾರಿ ಬಿದ್ದರೆ ಸಿಟ್ಟು. ಬೀಳದಿದ್ದರೆ, ದಿನಾ ಬೀಳುವುದು ಇವತ್ತೇಕೆ ಬೀಳಲಿಲ್ಲ ಎಂದು ಸಿಟ್ಟು. ಕಜಿಹಾಮಾ ಊರಿನ ಮೀನುಹಿಟ್ಟಿನ ಕಾರ್ಖಾನೆಯಲ್ಲಿ ಚಿಕುವಾ ಎಂಬ ತಿನ್ನುವ ಕೊಳವೆಗಳನ್ನು ಸುಡುವ ಯಂತ್ರದ ಮುಂದೆ ನಿಂತು ನಿಂತು ಅವನ ಮುಖವೂ ಚಿಕುವಾದ ಹಾಗೆ ಅಲ್ಲಲ್ಲಿ ಕಂದಿಹೋಗಿತ್ತು. ನಲವತ್ತು ದಾಟಿದ ಒಂಟಿ ಗಂಡಸು ಇಷ್ಟೊಂದು ಸಿಟ್ಟನ್ನು ಇಟ್ಟುಕೊಂಡು ಏನು ಮಾಡಬೇಕು? ಶೋಗೊ ಅದನ್ನು ಪೋಲು ಮಾಡುತ್ತಿರಲಿಲ್ಲ. ಗಿಟಾರಿಗೆ ಹಾಕುತ್ತಿದ್ದ.

ಅವನ ರಾಕ್ ತಂಡದ ಹೆಸರು 'ಮೂರನೇ ಸಿಟ್ಟು'. ಮೊದಲನೇ ಸಿಟ್ಟು, ಎರಡನೇ ಸಿಟ್ಟು ಎಂಬ ಎರಡು ತಂಡಗಳು ಸಿಟ್ಟಿನಿಂದಲೇ ಒಡೆದುಹೋಗಿದ್ದವು. ಮೂರನೆಯದು ಇಪ್ಪತ್ತು ವರ್ಷ ಬಾಳಿದ್ದಕ್ಕೆ ಕಾರಣ ಅದರಲ್ಲಿದ್ದ ಇನ್ನಿಬ್ಬರ ತಾಳ್ಮೆ. ಡ್ರಮ್ ಬಾರಿಸುವ ಮಿನೆಕೊ ಹಗಲು ಶಿಶುವಿಹಾರದ ಬಸ್ಸು ಓಡಿಸುತ್ತಿದ್ದಳು. ಬಸ್ಸಿಗೆ ಮೊಲದ ಮುಖ, ಮೇಲೆರಡು ಗುಲಾಬಿ ಕಿವಿ. ಬೇಸ್ ಗಿಟಾರಿನ ಜೋಯೆನ್ ಅದೇ ಓಣಿಯ ಬೌದ್ಧ ಗುಡಿಯ ಅರ್ಚಕ. ಕೋಪವೇ ವಿಷ ಎಂದು ಬೆಳಿಗ್ಗೆ ಭಕ್ತರಿಗೆ ಬೋಧಿಸಿ, ಸಂಜೆ ಬೋಳುತಲೆಗೆ ಟೋಪಿ ಹಾಕಿಕೊಂಡು ಅಭ್ಯಾಸಕ್ಕೆ ಬರುತ್ತಿದ್ದ.

ಮೂವರಿಗೂ ಇದ್ದದ್ದು ಒಂದೇ ಆಸೆ. ಹೊರದೇಶದಲ್ಲಿ ಹಾಡಬೇಕು. ತಮ್ಮೂರಿನವರು ಕಿವಿಗೆ ಹತ್ತಿ ಇಟ್ಟುಕೊಳ್ಳುವ ಹಾಡನ್ನು ಹೊರದೇಶದವರು ಕಿವಿ ತೆರೆದು ಕೇಳುತ್ತಾರೆ ಎಂಬ ನಂಬಿಕೆ ಅವರಿಗೆ ಎಲ್ಲಿಂದ ಬಂದಿತ್ತೋ! ಸಿಕ್ಕಸಿಕ್ಕ ದೇಶಕ್ಕೆಲ್ಲ ಹಾಡು ಕಳಿಸಿದ್ದರು. ಫಿನ್ಲೆಂಡಿನ ಒಂದು ರಾಕ್ ಉತ್ಸವದ ಯಜಮಾನಿ ಮಾತ್ರ ಉತ್ತರ ಬರೆದಿದ್ದಳು: 'ಹಾಡು ಜೋರಾಗಿದೆ. ಆದರೆ ನಿಮಗೆ ಯಾರ ಮೇಲೆ ಸಿಟ್ಟು ಅಂತ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮತ್ತೆ ಕಳಿಸಿ.'

"ಯಾರ ಮೇಲೆ ಅಂದ್ರೆ? ಪ್ರಪಂಚದ ಮೇಲೆ!" ಎಂದು ಶೋಗೊ ಕೂಗಾಡಿದ.

"ಪ್ರಪಂಚದಲ್ಲಿ ಯಾರ ಮೇಲೆ?" ಎಂದಳು ಮಿನೆಕೊ.

ಅವಳ ಮೇಲೂ ಸಿಟ್ಟು ಬಂತು.

ಇಂಥ ಹೊತ್ತಿನಲ್ಲಿ ಮಾರ್ಚ್ ತಿಂಗಳ ಓಣಿ ಸಭೆ ಬಂತು. ನಾಲ್ಕನೇ ಓಣಿಯಲ್ಲಿ ಹುಟ್ಟಿದವನು ಸಾವನ್ನಾದರೂ ಸ್ವಲ್ಪ ಮುಂದೂಡಬಹುದು, ಸರದಿಯನ್ನು ಮುಂದೂಡುವ ಹಾಗಿಲ್ಲ. ವರ್ಷಕ್ಕೊಂದು ಮನೆ ಸರದಿಗಾರನಾಗಬೇಕು. ಕಸದ ಕಟ್ಟೆ ತೊಳೆಯಬೇಕು, ಕಾಗೆಗಳು ಕಸ ಎಳೆಯದ ಹಾಗೆ ಬಲೆ ಹೊದಿಸಬೇಕು, ಸುತ್ತೋಲೆಯ ಹಲಗೆ ಮನೆಯಿಂದ ಮನೆಗೆ ದಾಟುವಂತೆ ನೋಡಬೇಕು, ಚರಂಡಿ ತೊಳೆಯುವ ಭಾನುವಾರ ಎಲ್ಲರಿಗಿಂತ ಮೊದಲು ಚರಂಡಿಗಿಳಿಯಬೇಕು. ಶೋಗೊ ಹಿಂದೆ ಎರಡು ಸಲ ತಪ್ಪಿಸಿಕೊಂಡಿದ್ದ. ಒಂದು ಸಲ ಸೊಂಟನೋವು. ಇನ್ನೊಂದು ಸಲ ಚಿಕ್ಕಮ್ಮನ ಸಾವು. ತೀರಿಕೊಂಡ ಚಿಕ್ಕಮ್ಮ ಮುಂದಿನ ತಿಂಗಳೇ ಅಂಗಡಿಯಲ್ಲಿ ಮೂಲಂಗಿ ಆರಿಸುತ್ತಿದ್ದದ್ದನ್ನು ಓಣಿಯವರೆಲ್ಲ ನೋಡಿದ್ದರು; ಮರ್ಯಾದಸ್ಥರು, ಏನೂ ಅಂದಿರಲಿಲ್ಲ.

ಓಣಿಯ ಅಧ್ಯಕ್ಷ ಕುನಿಮಾತ್ಸು ನಿವೃತ್ತ ಸ್ಟೇಷನ್ ಮಾಸ್ತರ. ನಲವತ್ತು ವರ್ಷ ಕಜಿಹಾಮಾ ಸ್ಟೇಷನ್ನಿನಲ್ಲಿ ಬೆರಳು ಚಾಚಿ ಸಿಗ್ನಲ್ಲನ್ನೂ ಹಳಿಯನ್ನೂ ಬಾಗಿಲನ್ನೂ ತೋರಿಸುತ್ತ, 'ಸರಿ! ಸರಿ!' ಎಂದು ಕೂಗಿ ರೈಲು ಬಿಟ್ಟವನು. ರೈಲು ಹೋದರೂ ಬೆರಳು ಹೋಗಿರಲಿಲ್ಲ.

"ಟೀ ಹೂಜಿ, ಸರಿ! ಚಾಪೆ, ಸರಿ!" ಎಂದು ತೋರಿಸಿ ಕೂಗಿಯೇ ಸಭೆ ಶುರುಮಾಡಿದ. "ಮುಂದಿನ ಸರದಿ, ಅರಾಮಾಕಿ ಮನೆ, ಸರಿ!"

"ಆಗಲ್ಲ, ಅಧ್ಯಕ್ಷರೇ," ಎಂದ ಶೋಗೊ.

"ಸೊಂಟಾನಾ?" ಎಂದಳು ಪಕ್ಕದ ಮನೆಯ ತೋಮೆ ಅಜ್ಜಿ. ಶೋಗೊ ಹಾಡಿದಾಗಲೆಲ್ಲ ಪೊರಕೆಯ ಹಿಡಿಯಿಂದ ಗೋಡೆ ಕುಟ್ಟುವವಳು ಇವಳೇ.

"ಅಲ್ಲ."

"ಹಾಗಾದ್ರೆ ಚಿಕ್ಕಮ್ಮ. ಪಾಪ, ಎಷ್ಟು ಸಲ ಅಂತ ಸಾಯ್ತಾರೆ ಅವರು! ಸುಸ್ತಾಗಲ್ವಾ?"

ಚಾಪೆಯ ಮೇಲೆ ಕೂತಿದ್ದವರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಶೋಗೊನ ಮೈಯೆಲ್ಲ ಉರಿಯಿತು. ಉರಿದ ಮೈಯಲ್ಲಿ ನಾಲಿಗೆ ಮಾತ್ರ ತಣ್ಣಗಿರುವುದು ಹೇಗೆ?

"ಈ ವರ್ಷ ನಾನು ಊರಲ್ಲೇ ಇರಲ್ಲ! ನಮ್ಮ ತಂಡಕ್ಕೆ ಹೊರದೇಶದಿಂದ ಕರೆ ಬಂದಿದೆ. ಫಿನ್ಲೆಂಡ್‌ಗೆ ಹೋಗ್ತಾ ಇದೀವಿ!"

ಇನ್ನಷ್ಟು ನಗುತ್ತಾರೆ, ಆಗ ಎದ್ದು ಬಾಗಿಲು ದಢಾರನೆ ಹಾಕಿಕೊಂಡು ಹೋಗಿಬಿಡಬಹುದು ಎಂದು ಅವನ ಲೆಕ್ಕ. ಯಾರೂ ನಗಲಿಲ್ಲ. ಕುನಿಮಾತ್ಸುವಿನ ಚಾಚಿದ ಬೆರಳು ಗಾಳಿಯಲ್ಲೇ ನಿಂತಿತು. ಕಣ್ಣಂಚು ಒದ್ದೆಯಾಯಿತು.

"ನಮ್ಮ ನಾಲ್ಕನೇ ಓಣಿಯಿಂದ... ಫಿನ್ಲೆಂಡಿಗೆ," ಎಂದ ಮುದುಕ. "ನನ್ನ ಕಾಲದಲ್ಲಿ ಇಲ್ಲಿಂದ ಅತಿ ದೂರ ಹೋದ ರೈಲು ಅಂದ್ರೆ ನಿಯಿಗಾತಾ ಕಣಯ್ಯ."

ತೋಮೆ ಅಜ್ಜಿ ಮೊಣಕಾಲೂರಿ ಮುಂದೆ ಸರಿದು, ಹಣೆ ಚಾಪೆಗೆ ತಾಗುವ ಹಾಗೆ ಬಾಗಿದಳು. "ಇಪ್ಪತ್ತು ವರ್ಷ ಗೋಡೆ ಕುಟ್ಟಿದೆ ಕಣಪ್ಪ. ಕಲೆ ಅಂತ ಗೊತ್ತಾಗ್ಲಿಲ್ಲ. ಗಂಟಲು ಕೆಟ್ಟಿದೆ ಅಂದ್ಕೊಂಡಿದ್ದೆ."

ತಿದ್ದಿಕೊಳ್ಳಲು ಇದೇ ಸರಿಯಾದ ಗಳಿಗೆಯಾಗಿತ್ತು. ಆದರೆ ತನಗೆ ಬಾಗಿದ ಎಂಬತ್ತರ ಮುದುಕಿಗೆ ತಾನು ಬಾಗದೆ ಇರುವುದು ಹೇಗೆಂದು ಶೋಗೊ ಬಾಗಿದ. ಅವನು ಬಾಗಿದ್ದು ಕಂಡು ಅಜ್ಜಿ ಇನ್ನೂ ಬಾಗಿದಳು. ಇಬ್ಬರೂ ತಲೆ ಎತ್ತುವಷ್ಟರಲ್ಲಿ ಸಭೆ ಚಪ್ಪಾಳೆ ಹೊಡೆದು ಮುಗಿಸಿ ಮನೆಗೆ ಹೋಗಿತ್ತು.

ಮರುದಿನ ಸುತ್ತೋಲೆಯ ಹಲಗೆ ಓಣಿ ಸುತ್ತಿತು. ಕರೆಂಟ್ ಹೋಗುವ ಸೂಚನೆ ಮನೆಯಿಂದ ಮನೆಗೆ ದಾಟಲು ಒಂದು ವಾರ ಹಿಡಿಯುವ ಆ ಹಲಗೆ ಅಂದು ಮಧ್ಯಾಹ್ನದೊಳಗೆ ಪಕ್ಕದ ಓಣಿಯನ್ನೂ ಮುಟ್ಟಿತ್ತು. ಶೋಗೊ ಕೆಲಸ ಮುಗಿಸಿ ಬಂದಾಗ ಬಾಗಿಲ ಮುಂದೆ ಉಪ್ಪು ಹಾಕಿದ ಉಮೆಬೊಶಿ ಕಾಯಿಯ ಭರಣಿ, ಹೊಟ್ಟೆಗೆ ಸುತ್ತಿಕೊಳ್ಳುವ ಉಣ್ಣೆಯ ಪಟ್ಟಿ, ಸೊಂಟಕ್ಕೆ ಅಂಟಿಸುವ ಬಿಸಿ ಪಟ್ಟಿ ಸಾಲಾಗಿ ಕೂತಿದ್ದವು. ಕಳೆದ ಬೇಸಿಗೆಯಲ್ಲಿ ಅವನ ಮೇಲೆ ಪೊಲೀಸರಿಗೆ ಫೋನ್ ಮಾಡಿದ್ದ ಎದುರು ಮನೆಯವನು ಕೈಜೋಡಿಸಿ ನಿಂತಿದ್ದ.

"ಅವತ್ತು ದೂರು ಕೊಟ್ಟವನು ನಾನೇ, ಅರಾಮಾಕಿ ಸಾನ್. ಫಿನ್ಲೆಂಡಿನವರಿಗೆ ಹೇಳ್ಬೇಡಿ."

ಶೋಗೊಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಆದರೆ ಉಮೆಬೊಶಿ ಕೈಯಲ್ಲಿ ಹಿಡಿದುಕೊಂಡು ಬೈಯುವುದು ಹೇಗೆ?

ಅಕ್ಕ ಯಾಸುಯೊ ಪಕ್ಕದ ಊರಿನಿಂದ ಫೋನ್ ಮಾಡಿದಳು. "ಅಂಗಡಿಯವಳು ಹೇಳಿ ನನಗೆ ಗೊತ್ತಾಗ್ಬೇಕೇನೋ? ಒಡಹುಟ್ಟಿದವಳು ನಾನು! ಹೋಗ್ಲಿ ಬಿಡು, ಚಡ್ಡಿ ಹೊಸದು ತಗೊಂಡಿದೀಯಾ? ಏರ್‌ಪೋರ್ಟಲ್ಲಿ ಬಿಚ್ಚಿಸಿ ನೋಡ್ತಾರಂತೆ."

ಆಮೇಲೆ ಬಂದದ್ದು ಮೊಲದ ಬಸ್ಸು. ಬೀದಿ ತುಂಬ ಹಾರ್ನ್ ಹೊಡೆಯುತ್ತ ಬಂದು ಶೋಗೊನ ಕಾಲ ಬೆರಳ ಹತ್ತಿರ ನಿಂತಿತು. ಕಿಟಕಿಗಳಲ್ಲಿ ಹಳದಿ ಟೋಪಿಯ ಮಕ್ಕಳು. ಮಿನೆಕೊ ಇಳಿದು ಬಂದಳು. ಅವಳು ಅಳುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಶೋಗೊ ಅದನ್ನು ನೋಡಿರಲಿಲ್ಲ.

"ದ್ರೋಹಿ! ಹೆಡ್ ಮೇಡಂ ಬಾಯಿಂದ ಕೇಳ್ಬೇಕಾಯ್ತಲ್ಲೋ ನಾನು! ಫಿನ್ಲೆಂಡಿನೋಳು ಕರೆದಳಾ? ನಿಜವಾಗ್ಲೂ ಕರೆದಳಾ?"

ಶೋಗೊ ಬಾಯಿ ತೆರೆದ. ನಲವತ್ತು ಜೊತೆ ಪುಟ್ಟ ಕಣ್ಣುಗಳು ಅವನ ಬಾಯನ್ನೇ ನೋಡಿದವು.

"ಕರೆದಳು," ಎಂದಿತು ಬಾಯಿ.

ಮಿನೆಕೊ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿ ಬಸ್ಸು ಹತ್ತಿದಳು. ಸಂಜೆ ಜೋಯೆನ್ ಗುಡಿಯ ದೊಡ್ಡ ಗಂಟೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದ. ಬೆಂಕಿ ಬಿತ್ತೆಂದು ಅಗ್ನಿಶಾಮಕದವರು ಬಂದರು. ವಿಷಯ ತಿಳಿದು ಅವರೂ ಶುಭ ಕೋರಿದರು.

ಆ ವಾರವೆಲ್ಲ ಶೋಗೊ ನಿಜ ಹೇಳಿಬಿಡಲು ಹೊರಡುತ್ತಿದ್ದ. ಹೊರಟಾಗಲೆಲ್ಲ ಒಂದು ಪೊಟ್ಟಣ ಹಿಡಿದುಕೊಂಡು ಹಿಂತಿರುಗುತ್ತಿದ್ದ. ಒಳ್ಳೆಯತನದಿಂದ ಮನುಷ್ಯನನ್ನು ಸುತ್ತುವರಿದು ಹೊಡೆಯುವುದರಲ್ಲಿ ನಾಲ್ಕನೇ ಓಣಿಯನ್ನು ಮೀರಿಸುವ ಸೈನ್ಯ ಇನ್ನೂ ಹುಟ್ಟಿಲ್ಲ.

ನಗರಸಭೆಯ ಪ್ರವಾಸೋದ್ಯಮ ವಿಭಾಗದಿಂದ ತಚಿಕಾವಾ ಎಂಬ ಯುವಕ ಬಂದ. ಮಾತಿಗೆ ಮುಂಚೆ ಒಮ್ಮೆ, ಮಾತಿನ ಮಧ್ಯೆ ಒಮ್ಮೆ, ಮಾತು ಮುಗಿದ ಮೇಲೆ ಎರಡು ಸಲ ತಲೆ ಬಾಗಿಸುವವನು. ತಂಡದ ಮೂವರನ್ನೂ ಊರಿನ ರಾಯಭಾರಿಗಳೆಂದು ಘೋಷಿಸುವುದಾಗಿಯೂ, ನಗರಸಭೆಯ ಗೋಡೆಗೆ ಮೂರಂತಸ್ತಿನ ಉದ್ದದ ಬ್ಯಾನರ್ ಇಳಿಬಿಡುವುದಾಗಿಯೂ, ಸಮುದಾಯ ಭವನದಲ್ಲಿ ಬೀಳ್ಕೊಡುಗೆ ಇಟ್ಟಿರುವುದಾಗಿಯೂ ಹೇಳಿದ.

"ಒಂದೇ ಒಂದು ಸಣ್ಣ ವಿಷಯ, ಅರಾಮಾಕಿ ಸಾನ್. ಸಿಟ್ಟು ಅನ್ನೋದು ಸ್ವಲ್ಪ... ಪ್ರವಾಸಿಗರು ಬರೋ ಊರು ನೋಡಿ. 'ಮೂರನೇ ನಗು' ಅಂದ್ರೆ ಹೇಗೆ?"

"ನಮ್ಮ ಹಾಡಲ್ಲಿ ನಗೋಕೆ ಏನಿದೆ?"

"ಅದಕ್ಕೆ ನಮ್ಮ ಚಿಕುಮಾರುನ ನಿಮ್ಮ ಪಕ್ಕದಲ್ಲಿ ಕುಣಿಸ್ತೀವಿ," ಎಂದು ತಚಿಕಾವಾ ಮತ್ತೆ ಬಾಗಿದ.

ಚಿಕುಮಾರು ಊರಿನ ಲಾಂಛನದ ಬೊಂಬೆ, ಒಳಗೆ ಮನುಷ್ಯ ಹೊಕ್ಕು ಕುಣಿಯುವಂಥದ್ದು. ಆಳೆತ್ತರದ ಚಿಕುವಾ, ಎರಡು ಕೈ, ಎರಡು ಕೆಂಪು ಕೆನ್ನೆ, ನಡುವೆ ತೂತು. ಹಗಲೆಲ್ಲ ಚಿಕುವಾ ಸುಟ್ಟು ಬಂದವನ ಪಕ್ಕದಲ್ಲಿ ಚಿಕುವಾವೇ ಬಂದು ಕುಣಿಯುವುದೆಂದರೆ! ಅಂದು ರಾತ್ರಿ ಊಟಕ್ಕೆ ಕೂತಾಗ ಶೋಗೊಗೆ ತಟ್ಟೆಯಲ್ಲಿದ್ದ ಚಿಕುವಾದ ಮೇಲೂ ಸಿಟ್ಟು ಬಂತು. ಅದನ್ನು ಮಾತ್ರ ತಿಂದ.

ಬೀಳ್ಕೊಡುಗೆಯ ದಿನ ಸಮುದಾಯ ಭವನದ ಬಾಗಿಲಲ್ಲಿ ಓಣಿಯವರ ಚಪ್ಪಲಿಗಳು ಅಳತೆಗೋಲಿಟ್ಟ ಹಾಗೆ ಕೂತಿದ್ದವು. ಒಳಗೆ ಮಡಚುವ ಕುರ್ಚಿಗಳ ಸಾಲು. ಗೋಡೆಯ ಮೇಲೆ ಶಿಶುವಿಹಾರದ ಮಕ್ಕಳು ಬರೆದ ಚಿತ್ರಗಳು. ಎಲ್ಲದರಲ್ಲೂ ಮಿನೆಕೊ ಮೊಲದ ಬಸ್ಸಿನಲ್ಲಿ ಹಿಮದ ಮೇಲೆ ಹಾರುತ್ತಿದ್ದಳು. ಮೂವರಿಗೂ ಹೆಗಲಿನಿಂದ ಸೊಂಟಕ್ಕೆ ಬಿಳಿ ಪಟ್ಟಿ ತೊಡಿಸಿದರು.

ತಂಡ ತನ್ನ ಅತ್ಯಂತ ಭೀಕರವಾದ ಹಾಡನ್ನು ಹಾಡಿತು. ಪ್ರಪಂಚಕ್ಕೆ ಬೆಂಕಿ ಬೀಳಲಿ, ಎಲ್ಲರೂ ಸುಟ್ಟುಹೋಗಲಿ ಎಂಬುದು ಅದರ ಸಾರ. ಓಣಿಯ ಹಿರಿಯರು ಮೊಣಕಾಲ ಮೇಲೆ ಕರವಸ್ತ್ರ ಹಾಸಿಕೊಂಡು, ಮಗುವಿಗೆ ಜೋಗುಳ ಹಾಡುವವರಂತೆ ತಲೆದೂಗುತ್ತ ಒಟ್ಟಿಗೆ ಚಪ್ಪಾಳೆ ತಟ್ಟಿದರು. 'ಸುಟ್ಟುಹೋಗಿ!' ಎಂದು ಶೋಗೊ ಅರಚಿದಾಗ ತೋಮೆ ಅಜ್ಜಿ, "ಗಂಟಲು ಜೋಪಾನ, ಕಂದಾ!" ಎಂದಳು. ಚಿಕುಮಾರು ಕೆನ್ನೆ ಸವರಿಕೊಂಡು ಕುಣಿಯಿತು.

ಆಮೇಲೆ ಕುನಿಮಾತ್ಸು ಎದ್ದು ನಿಂತ. ಮೈಕನ್ನು ತೋರಿಸಿ 'ಸರಿ!' ಎಂದು ಕೂಗಿ ಮಾತು ಶುರುಮಾಡಿದ.

"ಈ ಮೂವರು ನೆಮ್ಮದಿಯಾಗಿ ಹೋಗಿ ಬರ್ಲಿ. ಅರಾಮಾಕಿ ಮನೆ ಸರದೀನ ಈ ವರ್ಷ ನಾನೇ ಮಾಡ್ತೀನಿ. ಮಂಡಿ ನೋಯುತ್ತೆ, ನಿಜ. ಚರಂಡಿಗೆ ಇಳಿದ್ರೆ ಮತ್ತೆ ಹತ್ತೋಕಾಗುತ್ತೋ ಇಲ್ವೋ ಗೊತ್ತಿಲ್ಲ. ಹತ್ತದೇ ಇದ್ರೂ ಪರವಾಗಿಲ್ಲ."

ಎಲ್ಲರೂ ಮೂಗು ಒರೆಸಿಕೊಂಡರು. ಕೈಗಳೆರಡನ್ನೂ ಮೇಲೆತ್ತಿ 'ಬಾನ್ಜಾಯ್!' ಎಂದು ಜೈಕಾರ ಹಾಕಿದರು. ಎರಡನೇ ಸಲ ಎತ್ತಲು ಕೈಗಳು ಅಣಿಯಾಗುತ್ತಿದ್ದ ಹಾಗೆಯೇ ಶೋಗೊ ತಾಳಲಾರದೆ ಸಿಡಿದ.

"ಸಾಕು ಮಾಡ್ರೀ! ಯಾಕ್ರೀ ಇಷ್ಟು ಒಳ್ಳೆಯವರಾಗಿ ಸಾಯ್ತೀರಾ? ಬೈರಿ! ಗೋಡೆ ಕುಟ್ರಿ! ಪೊಲೀಸ್ನ ಕರೀರಿ! ಯಾರೂ ಕರೆದಿಲ್ಲ ನಮ್ಮನ್ನ! ಯಾವ ಫಿನ್ಲೆಂಡೂ ಇಲ್ಲ! ಸರದಿ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ದೆ!"

ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡ. ಈಗ ಕುರ್ಚಿ ಎಸೆಯುತ್ತಾರೆ, ಉಗಿಯುತ್ತಾರೆ, ಕೊನೆಗೂ ಈ ಊರು ಒಂದು ಸಲ ಬಾಯಿಬಿಡುತ್ತದೆ ಎಂದು ಕಾದ. ಏನೂ ಕೇಳಿಸಲಿಲ್ಲ. ಕಣ್ಣು ತೆರೆದ.

ಎತ್ತಿದ ಕೈಗಳು ಒಂದೊಂದಾಗಿ ಇಳಿಯುತ್ತಿದ್ದವು. "ಓಹ್, ಹಾಗಾ," ಎಂದಿತು ಯಾವುದೋ ಧ್ವನಿ. ಜನ ಎದ್ದು, ಸದ್ದಾಗದ ಹಾಗೆ ಕುರ್ಚಿ ಮಡಚಿ ಗೋಡೆಗೆ ಒರಗಿಸತೊಡಗಿದರು. ತೋಮೆ ಅಜ್ಜಿ ಹತ್ತಿರ ಬಂದು, ಅವನ ಚೀಲದೊಳಗೆ ಕೈಹಾಕಿ ತನ್ನ ಉಮೆಬೊಶಿ ಭರಣಿಯನ್ನು ಎತ್ತಿಕೊಂಡು ಹೋದಳು. ಎಂಥ ಬಿಸಿಲಿನಲ್ಲೂ ಯಾರ ಮುಂದೆಯೂ ತಲೆ ತೆಗೆಯಬಾರದ ಚಿಕುಮಾರು ತಲೆ ತೆಗೆಯಿತು. ಒಳಗಿದ್ದವನು ತಚಿಕಾವಾ. ಬೆವರು ಸುರಿಯುತ್ತಿತ್ತು. ಅವನು ಬಾಗಲಿಲ್ಲ.

ಮಿನೆಕೊ ಬಿಳಿ ಪಟ್ಟಿ ತೆಗೆದು, ನಾಲ್ಕು ಮಡಿಕೆ ಮಾಡಿ ಶೋಗೊನ ಕೈಯಲ್ಲಿಟ್ಟಳು. ಗೋಡೆಯ ಮೇಲಿನ ಮಕ್ಕಳ ಚಿತ್ರಗಳನ್ನು ಬಿಡಿಸಿಕೊಳ್ಳುತ್ತ, ಅವನ ಕಡೆ ನೋಡದೆ ಹೇಳಿದಳು.

"ಊರಿಗೆ ಸುಳ್ಳು ಹೇಳು, ಪರವಾಗಿಲ್ಲ. ನಾನು ಕೇಳಿದ್ನಲ್ಲೋ. ನಿಜವಾಗ್ಲೂನಾ ಅಂತ ಕೇಳಿದ್ನಲ್ಲ." ಆಮೇಲೆ, "ಮೂರನೆಯದೂ ಮುಗೀತು," ಎಂದು ಹೊರಟಳು.

ಏಪ್ರಿಲ್ ಒಂದರಂದು ಕುನಿಮಾತ್ಸು ಶೋಗೊನ ತೋಳಿಗೆ ಸರದಿಗಾರನ ಹಸಿರು ಪಟ್ಟಿ ಕಟ್ಟಿ, ಓಣಿಯ ಉಗ್ರಾಣದ ಬೀಗದ ಕೈ ಕೊಟ್ಟ. ಚರಂಡಿ ಗುದ್ದಲಿ, ತಳ್ಳುಗಾಡಿ, ಪೈಪು ಎಲ್ಲ ಅದರೊಳಗೆ. "ಕೀಲಿ, ಸರಿ," ಎಂದ. ಕೂಗಲಿಲ್ಲ. ಅದೇ ಹೆಚ್ಚು ನೋಯಿಸಿತು.

ಬೀಳ್ಕೊಡುಗೆಯ ದಿನ ಹೊರಬಾರದ ಸಿಟ್ಟು ಈಗ ಕಸದ ಕಟ್ಟೆಯಲ್ಲಿ ದಿನಾ ಬೆಳಿಗ್ಗೆ ಹನಿಹನಿಯಾಗಿ ಶೋಗೊನ ನೆತ್ತಿಯ ಮೇಲೆ ಬೀಳತೊಡಗಿತು. ಎಲ್ಲವೂ ಮೆಲುದನಿಯಲ್ಲಿ, ಎಲ್ಲವೂ ನಗುಮುಖದಲ್ಲಿ.

"ಸರದಿಗಾರರೇ, ಬಲೆ ಒಂದು ಗೇಣು ಎಡಕ್ಕೆ ಜಾರಿದೆ. ಕಾಗೆಗಳಿಗೆ ಅನುಕೂಲ ಆಗ್ಲಿ ಅಂತಾನಾ?"

"ಬಾಟಲಿ ಮುಚ್ಚಳ ತೆಗೆದು ಬೇರೆ ಹಾಕ್ಬೇಕು ಅಂತ ಎಲ್ಲರಿಗೂ ಗೊತ್ತು. ಫಿನ್ಲೆಂಡಲ್ಲಿ ಹೇಗೋ ನಂಗೊತ್ತಿಲ್ಲ."

"ಒದ್ದೆ ಕಸ ಹಿಂಡಿ ಹಾಕ್ಬೇಕಪ್ಪ. ನಿನ್ನ ಹಾಡಿನ ಹಾಗೆ ಸುರಿಸಬಾರದು."

ಶೋಗೊ ಬಾಗುತ್ತಿದ್ದ, 'ತಪ್ಪಾಯ್ತು' ಎನ್ನುತ್ತಿದ್ದ. ಓಣಿಯ ಅಷ್ಟೂ ಮನೆಯ ಮುಚ್ಚಳಗಳನ್ನು ಬಿಚ್ಚಿ ಬೇರ್ಪಡಿಸಿ ಸುಸ್ತಾಗಿ, ತನ್ನ ಮನೆಯ ಕಸವನ್ನು ಮಾತ್ರ ಯಾವುದನ್ನೂ ಬೇರ್ಪಡಿಸದೆ ಅಡುಗೆಮನೆಯ ಮೂಲೆಗೆ ಒದೆಯುತ್ತಿದ್ದ. ಚೀಲದ ಮೇಲೆ ಚೀಲ ಬೆಳೆಯಿತು. ಒಂದು ಸಂಜೆ ಆ ಗುಡ್ಡೆಯ ಮುಂದೆ ಕೂತು ಗಿಟಾರ್ ಎತ್ತಿಕೊಂಡ. ಪ್ರಪಂಚ ನೆನಪಾಗಲಿಲ್ಲ. ಬೆಳಗಿನ ಬೈಗುಳಗಳೇ ಒಂದರ ಹಿಂದೊಂದು ಬಾಯಿಗೆ ಬಂದವು. 'ಬಲೆ ಜಾರಿದೆ! ಬಲೆ ಜಾರಿದೆ! ಮುಚ್ಚಳ ತೆಗಿ! ಹಿಂಡು! ಹಿಂಡು! ಹಿಂಡಿ ಹಾಕು!' ಓಣಿಯವರು ಮೆಲ್ಲಗೆ ಅಂದಿದ್ದನ್ನೆಲ್ಲ, ಅವರು ಹೇಗೆ ಅನ್ನಬೇಕಿತ್ತೋ ಹಾಗೆ ಗಂಟಲು ಹರಿಯುವಂತೆ ಹಾಡಿದ. ಗೋಡೆಯ ಆಚೆಯಿಂದ ಪೊರಕೆಯ ಹಿಡಿ ಧಡ್ ಧಡ್ ಎಂದು ಶುರುವಾಯಿತು. ಬೀಳ್ಕೊಡುಗೆಯಾದ ಮೇಲೆ ತೋಮೆ ಅಜ್ಜಿ ಗೋಡೆ ಕುಟ್ಟಿದ್ದು ಅದೇ ಮೊದಲು. ಶೋಗೊಗೆ ಎದೆ ತುಂಬಿ ಬಂತು. ಫೋನಿನಲ್ಲಿ ಅದನ್ನೆಲ್ಲ ಹಿಡಿದುಕೊಂಡ.

ಮರುದಿನ ಮೊಲದ ಬಸ್ಸಿಗೆ ಅಡ್ಡ ನಿಂತ.

"ಮಕ್ಕಳಿದಾರೆ. ಇಲ್ಲದಿದ್ರೆ ಹಾಯಿಸಿಬಿಡ್ತಿದ್ದೆ," ಎಂದಳು ಮಿನೆಕೊ.

"ಕೇಳು. ಆಮೇಲೆ ಹಾಯಿಸು."

ಮಿನೆಕೊ ಫೋನನ್ನು ಕಿವಿಗಿಟ್ಟುಕೊಂಡಳು. ಹಾಡು ಮುಗಿಯುವವರೆಗೂ ಮುಖ ಕಲ್ಲಿನ ಹಾಗಿತ್ತು. ಮುಗಿದ ಮೇಲೆ ಹುಬ್ಬು ಗಂಟಾಯಿತು.

"ಡ್ರಮ್ ಯಾರು?"

"ತೋಮೆ ಅಜ್ಜಿ. ಪೊರಕೆ."

"ನನ್ನ ಜಾಗಕ್ಕೆ ಆ ಮುದುಕೀನ ತಂದ್ಯಾ? ಅದೂ ಪೊರಕೆ? ಎರಡನೇ ಸಾಲಲ್ಲಿ ತಾಳ ತಪ್ಪಿದಾಳೆ, ನಿಂಗೆ ಕಿವಿ ಇಲ್ವಾ? ಥೂ! ಸಂಜೆ ಆರಕ್ಕೆ ಬರ್ತೀನಿ. ನಿನ್ನ ಕ್ಷಮಿಸಿಲ್ಲ, ತಿಳ್ಕೊ. ಹಾಡನ್ನ ಉಳಿಸೋಕೆ ಬರ್ತಾ ಇರೋದು."

ಹಾಡು ಫಿನ್ಲೆಂಡಿಗೆ ಹೋಯಿತು. ಈ ಸಲ ಯಜಮಾನಿ ಬರೆದದ್ದು ಇಷ್ಟೇ: 'ಈಗ ಗೊತ್ತಾಯಿತು. ನಮ್ಮ ಕಟ್ಟಡದಲ್ಲೂ ಇಂಥವರಿದ್ದಾರೆ. ಅಕ್ಟೋಬರಿನಲ್ಲಿ ಬನ್ನಿ.'

ಮೂವರೂ ಗುಡಿಯ ಹಿಂದೆ ಅದನ್ನು ಓದಿದರು. ಜೋಯೆನ್ ಟೋಪಿ ತೆಗೆದು ಕಣ್ಣೊರೆಸಿಕೊಂಡ. ಗಂಟೆ ಹೊಡೆಯಲು ಹೊರಟವನನ್ನು ಇಬ್ಬರೂ ಸೇರಿ ಹಿಡಿದುಕೊಂಡರು. ಹೊರಡುವ ದಿನ ಯಾವುದೆಂದು ನೋಡಿದಾಗ ಶೋಗೊನ ಕಣ್ಣು ಕತ್ತಲಿಟ್ಟಿತು. ಅದು ಭಾನುವಾರ. ಓಣಿಯ ಚರಂಡಿ ತೊಳೆಯುವ ಭಾನುವಾರ. ಸರದಿಗಾರ ಇಲ್ಲದೆ ಚರಂಡಿ ತೊಳೆದ ಉದಾಹರಣೆ ನಾಲ್ಕನೇ ಓಣಿಯ ಚರಿತ್ರೆಯಲ್ಲೇ ಇಲ್ಲ.

ಕೀಲಿ ಹಿಡಿದುಕೊಂಡು ಕುನಿಮಾತ್ಸುವಿನ ಮನೆಗೆ ಹೋದ.

"ಅಧ್ಯಕ್ಷರೇ, ಆ ಭಾನುವಾರ ನಾನು ಇರಲ್ಲ. ಕೀಲಿ ನೀವು ಇಟ್ಕೊಳ್ಳಿ. ನಮ್ಮ ತಂಡಕ್ಕೆ ಫಿನ್ಲೆಂಡಿಂದ..."

ಒಳಗಿನಿಂದ ಕುನಿಮಾತ್ಸುವಿನ ಹೆಂಡತಿ ಕೆಮ್ಮಿದಳು. ಮುದುಕ ಟೀ ಬಟ್ಟಲನ್ನು ಕೆಳಗಿಟ್ಟ.

"ನಿಮ್ಮ ಚಿಕ್ಕಮ್ಮ ಹೇಗಿದಾರೆ?"

"ನಿಜ ಹೇಳ್ತಿದೀನಿ, ಅಧ್ಯಕ್ಷರೇ! ಟಿಕೆಟ್ ತೋರಿಸ್ಲಾ?"

"ಹೋದ ಸಲ ಬ್ಯಾನರೇ ಇತ್ತಲ್ಲಪ್ಪ, ಮೂರಂತಸ್ತಿನದು." ಕೀಲಿಯನ್ನು ಮೆಲ್ಲಗೆ ಶೋಗೊನ ಕಡೆಗೆ ತಳ್ಳಿದ. "ಭಾನುವಾರ ಬೆಳಿಗ್ಗೆ ಉಗ್ರಾಣದ ಬಾಗಿಲು ನೀನೇ ತೆಗೀತೀಯ. ಸರಿ!"

ಆ ಭಾನುವಾರ ಬೆಳಿಗ್ಗೆ ಶೋಗೊ ತನ್ನ ಮಟ್ಟಿಗೆ ಪ್ರಾಮಾಣಿಕವಾಗಿಯೇ ನಡೆದುಕೊಂಡ. ಮನೆಗೆ ಬೀಗ ಹಾಕಿ, ಗಿಟಾರ್ ಹೆಗಲಿಗೇರಿಸಿ, ಜೇಬಿನಿಂದ ಕೀಲಿ ತೆಗೆದು ಕಾಗದದಲ್ಲಿ ಸುತ್ತಿ, 'ಕ್ಷಮಿಸಿ' ಎಂದು ಬರೆದು, ಅಧ್ಯಕ್ಷರ ಟಪಾಲು ಪೆಟ್ಟಿಗೆಯಲ್ಲಿ ಹಾಕಿ, ಅತ್ತಿತ್ತ ನೋಡುತ್ತ ಸ್ಟೇಷನ್ನಿಗೆ ಓಡಿದ. ಮಿನೆಕೊ, ಜೋಯೆನ್ ಅಲ್ಲಿ ಕಾಯುತ್ತಿದ್ದರು. ಬೀಳ್ಕೊಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಎರಡು ಡಬ್ಬಿಯ ರೈಲು ಗುರುಗುಟ್ಟುತ್ತ ನಿಂತಿತ್ತು.

"ಬಾನ್ಜಾಯ್ ಇಲ್ಲದ ಪ್ರಯಾಣ. ಸುಳ್ಳಿಗೆ ಊರೇ ಬಂದಿತ್ತು, ನಿಜಕ್ಕೆ ಒಂದು ನಾಯೀನೂ ಇಲ್ಲ," ಎಂದ ಶೋಗೊ. ಅವನಿಗೆ ಸಿಟ್ಟು ಬರಬೇಕಿತ್ತು. ಬೇಸರ ಬಂತು.

"ಬಂದ್ರು," ಎಂದ ಜೋಯೆನ್.

ಸ್ಟೇಷನ್ ರಸ್ತೆ ತುಂಬ ಜನ. ಗಂಬೂಟು, ರಬ್ಬರ್ ಕೈಗವಸು, ಕುತ್ತಿಗೆಗೆ ಟವೆಲು. ಎಲ್ಲರ ಕೈಯಲ್ಲೂ ಪೊರಕೆ, ಬಕೆಟ್ಟು. ನಾಲ್ಕನೇ ಓಣಿ ಇಡೀ ಓಡಿ ಬರುತ್ತಿತ್ತು. ಎಲ್ಲರಿಗಿಂತ ಮುಂದೆ, ಮಂಡಿನೋವು ಮರೆತು, ಕುನಿಮಾತ್ಸು. ಮೂವರೂ ಬಾಯಿ ತೆರೆದು ನೋಡುತ್ತಲೇ ರೈಲು ಹತ್ತಿದರು. ಬಾಗಿಲು ಮುಚ್ಚಿಕೊಂಡಿತು.

ಕುನಿಮಾತ್ಸು ಪ್ಲಾಟ್‌ಫಾರಂ ಮುಟ್ಟಿದ. ರೈಲಿನ ಚಾಲಕ ಅವನ ಕೈಕೆಳಗೆ ಕೆಲಸ ಕಲಿತವನು. ಕಿಟಕಿಯಿಂದ ತಲೆ ಹೊರಹಾಕಿ, 'ನಿಲ್ಲಿಸಲಾ, ಮಾಸ್ತರೇ?' ಎನ್ನುವಂತೆ ನೋಡಿದ. ಒಂದು ಮಾತು ಸಾಕಿತ್ತು. ಮುದುಕ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಸ್ಟೇಷನ್ ಗಡಿಯಾರದ ಮೇಲೆ ಬಿತ್ತು.

ರೈಲು ಹೊರಡುವ ಹೊತ್ತಾಗಿತ್ತು.

ಬೆನ್ನು ತಾನಾಗಿ ನೆಟ್ಟಗಾಯಿತು. ಬೆರಳು ತಾನಾಗಿ ಚಾಚಿತು. "ಬಾಗಿಲು, ಸರಿ! ಹಳಿ, ಸರಿ! ಸಿಗ್ನಲ್, ಸರಿ!" ಎಂದು ನಲವತ್ತು ವರ್ಷದ ಗಂಟಲಿನಿಂದ ಕೂಗಿ, ಕೈಯೆತ್ತಿ ರೈಲು ಬಿಟ್ಟ. ರೈಲು ಹೊರಟಿತು. ತಾನು ಏನು ಮಾಡಿದೆನೆಂಬುದು ಆಮೇಲೆ ಅವನಿಗೆ ಹೊಳೆಯಿತು. ಎರಡೂ ಕೈ ತಲೆಯ ಮೇಲೆತ್ತಿ ಅರಚಿದ. ಹಿಂದೆ ಬಂದ ಓಣಿಯವರೆಲ್ಲ ಪೊರಕೆ, ಬಕೆಟ್ಟುಗಳನ್ನು ತಲೆಯ ಮೇಲೆತ್ತಿ ಅರಚಿದರು. ಗಾಜಿನ ಒಳಗೆ ಏನೂ ಕೇಳಿಸಲಿಲ್ಲ. ಎತ್ತಿದ ಕೈಗಳು ಮಾತ್ರ ಕಂಡವು.

ಎದುರು ಸೀಟಿನಲ್ಲಿದ್ದ ಹೆಂಗಸು ಕಣ್ಣರಳಿಸಿದಳು. "ಎಂಥ ಬೀಳ್ಕೊಡುಗೆ! ಇಡೀ ಊರೇ ಬಂದಿದೆಯಲ್ಲ. ಯಾರು ನೀವು?"

"ಮೂರನೇ ಸಿಟ್ಟು," ಎಂದಳು ಮಿನೆಕೊ.

ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕುತ್ತ ಶೋಗೊ ಜೇಬಿಗೆ ಕೈಹಾಕಿದ. ಬೆರಳಿಗೆ ತಣ್ಣಗಿನದೇನೋ ಸಿಕ್ಕಿತು. ಹೊರಗೆಳೆದು ನೋಡಿದ. ಉಗ್ರಾಣದ ಕೀಲಿ. ಹಾಗಾದರೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದು?

ಫೋನ್ ಹೊಡೆದುಕೊಂಡಿತು. ರೈಲಿನಲ್ಲಿ ಫೋನ್ ಎತ್ತುವುದು ಕಜಿಹಾಮಾದಲ್ಲಿ ಕೊಲೆಗಿಂತ ಸ್ವಲ್ಪವೇ ಸಣ್ಣ ಅಪರಾಧ. ಡಬ್ಬಿಯೆಲ್ಲ ತಿರುಗಿ ನೋಡಿತು. ಶೋಗೊ ಅಂಗಿಯೊಳಗೆ ತಲೆ ಹುದುಗಿಸಿಕೊಂಡು ಎತ್ತಿದ.

"ಕೀಲಿ ಎಲ್ಲಿ?" ಕುನಿಮಾತ್ಸುವಿನ ಧ್ವನಿ.

"ಜೇಬಲ್ಲಿದೆ, ಅಧ್ಯಕ್ಷರೇ."

"ಜೇಬೆಲ್ಲಿ?"

"ರೈಲಲ್ಲಿ."

"ಅಂದ್ರೆ... ನಿಜವಾಗ್ಲೂ ಫಿನ್ಲೆಂಡಾ?"

"ನಿಜವಾಗ್ಲೂ."

ಆಮೇಲೆ ಬಂತು. ಇಪ್ಪತ್ತು ವರ್ಷದ ಗಿಟಾರು, ಸೊಂಟನೋವು, ಸಾಯದ ಚಿಕ್ಕಮ್ಮ, ಮೂರಂತಸ್ತಿನ ಬ್ಯಾನರು ಎಲ್ಲಕ್ಕೂ ಸೇರಿ ನಾಲ್ಕನೇ ಓಣಿಯ ಬಾಯಿ ಕೊನೆಗೂ ಬಿಚ್ಚಿತು. ಶೋಗೊ ಫೋನನ್ನು ಕಿವಿಯಿಂದ ದೂರ ಹಿಡಿದ. ಡಬ್ಬಿಗೆಲ್ಲ ಕೇಳಿಸಿತು.

"ಉಗ್ರಾಣಕ್ಕೆ ಹಾಕಿದ್ರೆ ತಿರುಗ್ಲಿಲ್ಲ ಕಣೋ ನಿನ್ನ ಕೀಲಿ! ಯಾವುದರದಪ್ಪಾ ಅಂತ ನಿನ್ನ ಮನೆ ಬಾಗಿಲಿಗೆ ಹಾಕಿದ್ವಿ, ತಿರುಗ್ತು! ಒಳಗೆ ಏನೋ ಅದು? ಸರದಿಗಾರನ ಅಡುಗೆಮನೇಲಿ ಏನೋ ಅದು ಗುಡ್ಡ? ಬಾಟಲಿ, ಮುಚ್ಚಳ, ಮೀನುಮುಳ್ಳು, ಎಲ್ಲ ಒಂದೇ ಚೀಲದಲ್ಲಿ!"

"ಹಿಂಡಿಲ್ಲ! ಹಿಂಡೇ ಇಲ್ಲ!" ಹಿಂದಿನಿಂದ ತೋಮೆ ಅಜ್ಜಿ ಚೀರಿದಳು.

"ಬಲೆ ಹೊದಿಸೋಕೆ ಬಂದವನು ನೀನು! ನಮ್ಮ ಮುಚ್ಚಳ ಎಣಿಸ್ತಿದ್ದವನು ನೀನು!" ಎದುರು ಮನೆಯವನು.

ಶೋಗೊ ಎದ್ದು ನಿಂತು ಫೋನಿಗೆ ಬಾಗಿದ. ಬಾಗಿದಾಗ ಹಣೆ ಎದುರು ಸೀಟಿಗೆ ತಾಗಿತು. ಮತ್ತೆ ಬಾಗಿದ. ಫೋನಿನಿಂದ ಬರುವ ಕಿರುಚಾಟಕ್ಕೆ ಮಿನೆಕೊ ಕೋಲುಗಳನ್ನು ತೆಗೆದು ಸೂಟ್‌ಕೇಸಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದಳು. ಜೋಯೆನ್ ಕಣ್ಣು ಮುಚ್ಚಿ, ಮಂತ್ರ ಹೇಳುವ ಧ್ವನಿಯಲ್ಲಿ, "ಹಿಂಡಿಲ್ಲ, ಹಿಂಡೇ ಇಲ್ಲ," ಎಂದು ಗುನುಗಿದ.

"ಎರಡನೇ ಹಾಡು," ಎಂದು ಮಿನೆಕೊ ಪಿಸುಗುಟ್ಟಿದಳು. "ಇಡಬೇಡ ಫೋನು. ಬೈಸ್ಕೋ. ಇನ್ನೂ ಬೈಸ್ಕೋ!"

"ತಪ್ಪಾಯ್ತು, ಅಧ್ಯಕ್ಷರೇ," ಎಂದ ಶೋಗೊ. ಅವನ ಮುಖದ ಮೇಲೆ ಯಾರೂ ಎಂದೂ ನೋಡಿರದ ಒಂದು ನಗು ಹರಡಿತ್ತು. "ಬೇರೇನಾದ್ರೂ ಇದೆಯಾ?"

"ಇದೆ!" ಎಂದು ಫೋನ್ ಗುಡುಗಿತು. ಅತ್ತ ಕಡೆ ಬೆರಳು ಚಾಚಿದ್ದು ಇತ್ತ ಕಡೆಯವರಿಗೂ ಕಂಡ ಹಾಗಾಯಿತು. "ಮುಂದಿನ ವರ್ಷದ ಸರದಿ, ಅರಾಮಾಕಿ ಮನೆ! ಸರಿ!"